ಹಬೆಯದು ಮನೆಗೆ, ಎಣ್ಣೆಯದು ಸಂತೆಗೆ

ಸಂಜೆ ಐದರ ಮೇಲೆ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲೋ ಸಿರುಗುಪ್ಪದಲ್ಲೋ ಬಸ್ಸಿಳಿದವರಿಗೆ ಮೊದಲು ಎದುರಾಗುವುದು ಕಾದ ಎಣ್ಣೆಯ ವಾಸನೆ. ಮಂಡಕ್ಕಿ ಒಗ್ಗರಣೆಯ ಜೊತೆಗೆ ಮಿರ್ಚಿ, ಇನ್ನೊಂದು ಬಾಣಲಿಯಲ್ಲಿ ಪೂರಿ, ಮತ್ತೊಂದರಲ್ಲಿ ವಡೆ. ಹಬ್ಬ ಹತ್ತಿರವಾದರೆ ಬೇಕರಿಗಳಲ್ಲಿ ಕರ್ಜಿಕಾಯಿ, ಕಜ್ಜಾಯ, ಶೇಂಗಾ ಹೋಳಿಗೆಯ ಪೊಟ್ಟಣಗಳು ಸಾಲುಗಟ್ಟುತ್ತವೆ. ಕರಿದದ್ದು ಏನು ಬೇಕಾದರೂ ದುಡ್ಡಿಗೆ ಸಿಗುತ್ತದೆ. ಹಬೆಯಲ್ಲಿ ಬೆಂದ ಹೂರಣದ ಕಡುಬು, ಬಟ್ಟಲಲ್ಲಿ ಗಟ್ಟಿಯಾದ ಗಿಣ್ಣು ಅಂಗಡಿಯಲ್ಲಿ ಕಾಣಸಿಗುವುದು ಬಹಳ ಅಪರೂಪ. ಅವು ಮನೆಯಲ್ಲಿ ಮಾಡಿದರೆ ಉಂಟು, ಮಾಡದಿದ್ದರೆ ಇಲ್ಲ.

ಇಡ್ಲಿ ಹಬೆಯದೇ ತಾನೆ, ಅದನ್ನು ಎಲ್ಲೆಲ್ಲೂ ಮಾರುತ್ತಾರಲ್ಲ ಎಂದು ಕೇಳಬಹುದು. ಇಡ್ಲಿಯ ಹಿಟ್ಟಿನಲ್ಲಿ ಉದ್ದಿದೆ, ಹುದುಗು ಬಂದ ಗಾಳಿಯಿದೆ. ಅದನ್ನು ತಟ್ಟೆ ತಟ್ಟೆಯಾಗಿ ಇಳಿಸಿ ಬಿಸಿ ಇರುವಾಗಲೇ ಮಾರಿ ಮುಗಿಸುತ್ತಾರೆ. ಕಡುಬನ್ನು ಒಂದೊಂದಾಗಿ ಲಟ್ಟಿಸಿ, ತುಂಬಿ, ಅಂಚು ಒತ್ತಬೇಕು. ಅಷ್ಟು ಮಾಡಿ ಗಿರಾಕಿಗಾಗಿ ಕಾಯುತ್ತ ಕೂತರೆ ಅರ್ಧ ದಿನದೊಳಗೆ ಮೇಲಿನ ಹೊದಿಕೆ ಬಿರುಸಾಗುತ್ತದೆ. ಅಂಗಡಿಯವನು ಅದನ್ನು ಬಿಟ್ಟಿರುವುದಕ್ಕೆ ಹಿಟ್ಟಿನ ಗುಣವೇ ಕಾರಣ. ಆ ಗುಣವನ್ನು ತಿಳಿದುಕೊಂಡರೆ ಮನೆಯಲ್ಲಿ ಮಾಡುವುದು ಸಲೀಸು. ಹಾಗಾಗಿ ಹಬ್ಬದಡುಗೆ ಕಲಿಯಲು ಹೊರಟವರಿಗೆ ನಾನು ಹೇಳುವುದು ಒಂದೇ: ಮೊದಲು ಹಬೆಯದನ್ನು ಕಲಿಯಿರಿ. ಕರಿದದ್ದು ಹೇಗೋ ಉಳಿದುಕೊಳ್ಳುತ್ತದೆ, ಅದನ್ನು ಸಾಕುವ ಸಂತೆಯಿದೆ. ಹಬೆಯದಕ್ಕೆ ಮನೆಯ ಒಲೆ ಬಿಟ್ಟರೆ ಬೇರೆ ಆಸರೆಯಿಲ್ಲ.

ಅಕ್ಕಿ, ಜೋಳ, ಗೋಧಿ ಮೂರರಲ್ಲೂ ಹೆಚ್ಚಿನ ಪಾಲು ಪಿಷ್ಟ. ನೀರಿನ ಜೊತೆ ಕಾಯುವಾಗ, ಹೆಚ್ಚೂಕಡಿಮೆ 60ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆ, ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಬೆಂದ ಕಡುಬು ನುಣುಪಾಗಿ, ಮೆತ್ತಗೆ ಇರುವುದು ಇದರಿಂದ. ಆರತೊಡಗಿದರೆ ಅದೇ ಪಿಷ್ಟದ ಎಳೆಗಳು ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ, ಹಿಡಿದಿದ್ದ ನೀರನ್ನು ಬಿಟ್ಟುಕೊಡುತ್ತವೆ. ಈ ಬಿಗಿತ ಅತಿ ಬೇಗ ಆಗುವುದು ಫ್ರಿಜ್ಜಿನ ತಂಪಿನಲ್ಲಿ. ಉಳಿದ ಕಡುಬನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಹಾಗೇ ತಿಂದವರಿಗೆ ಅದು ರಬ್ಬರಾಗಿರುವುದು ಗೊತ್ತು. ಮತ್ತೆ ಐದು ನಿಮಿಷ ಹಬೆಗಿಟ್ಟರೆ ಪಿಷ್ಟ ಸಡಿಲಾಗಿ ಮೆತ್ತಗಾಗುತ್ತದೆ.

ಎಣ್ಣೆಯಲ್ಲಿ ನಡೆಯುವುದೇ ಬೇರೆ. 160ರಿಂದ 180 ಡಿಗ್ರಿ ಕಾದ ಎಣ್ಣೆಗೆ ಹಿಟ್ಟು ಬಿದ್ದ ಕೂಡಲೇ ಮೇಲ್ಮೈಯ ನೀರು ಆವಿಯಾಗಿ ಗುಳ್ಳೆಗುಳ್ಳೆಯಾಗಿ ಹೊರಡುತ್ತದೆ, ಒಣಗಿದ ಪದರ ಕೆಂಪಗಾಗಿ ಗರಿಗರಿಯಾಗುತ್ತದೆ. ನೀರು ಕಡಿಮೆಯಾದಲ್ಲಿ ಬೂಷ್ಟು ಬೇಗ ಹಿಡಿಯುವುದಿಲ್ಲ. ಕಜ್ಜಾಯ, ಕರ್ಜಿಕಾಯಿ ವಾರಗಟ್ಟಲೆ ಡಬ್ಬಿಯಲ್ಲಿ ಇರುವುದು, ಬುತ್ತಿಯಾಗಿ ಹೊಲಕ್ಕೆ, ಮಗಳ ಊರಿಗೆ, ಈಗ ಕೊರಿಯರ್‌ನಲ್ಲಿ ಬೆಂಗಳೂರಿಗೆ ಹೋಗುವುದು ಈ ಕಾರಣಕ್ಕೆ.

ನಮ್ಮ ಸೀಮೆಯಲ್ಲಿ ಹಿಟ್ಟಿನ ಕಥೆ ಬಹಳ ಹಳೆಯದು. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಉತ್ಖನನ ಮಾಡಿ ನವಶಿಲಾಯುಗದ ವಸತಿಯನ್ನು ಹೊರತೆಗೆದರು, ಕೆ.ಸಿ. ಮಲ್ಹೋತ್ರ ಅವರ ಜೊತೆಗೂಡಿ ಬರೆದ ಅದರ ವರದಿ 1965ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪುಸ್ತಕವಾಗಿ ಬಂತು. ಆಮೇಲೆ ಸಸ್ಯ ಪುರಾತತ್ತ್ವಜ್ಞ ಡೋರಿಯನ್ ಫುಲ್ಲರ್ ಬಳ್ಳಾರಿ ಸುತ್ತಿನ ನೆಲೆಗಳ ಸುಟ್ಟ ಕಾಳುಗಳನ್ನು ಪರೀಕ್ಷಿಸಿದಾಗ ಮತ್ತೆ ಮತ್ತೆ ಸಿಕ್ಕಿದ್ದು ಹುರಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ಸಂಗನಕಲ್ಲಿನ ಗುಡ್ಡದಲ್ಲಿ ಆ ಕಾಲದ ಜನ ಕಾಳು ಅರೆದು ಅರೆದು ತಗ್ಗು ಬಿದ್ದ ಕಲ್ಲುಗಳನ್ನು ಇಂದಿಗೂ ನೋಡಬಹುದು. ಅವರು ಕಡುಬು ಮಾಡುತ್ತಿದ್ದರು ಎಂದು ಹೇಳಲು ಆಧಾರವಿಲ್ಲ, ನಾನು ಹೇಳುವುದೂ ಇಲ್ಲ. ಅರೆಯುವ ಕಲ್ಲು, ಮಣ್ಣಿನ ಮಡಕೆ, ಕಾಳು ಈ ನೆಲದಲ್ಲಿ ನಾಲ್ಕು ಸಾವಿರ ವರ್ಷದಿಂದ ಜೊತೆಗಿವೆ ಎಂಬುದು ಮಾತ್ರ ಖಚಿತ.

ಬರಹಕ್ಕೆ ಬಂದ ಅಡುಗೆಯೂ ಇಲ್ಲಿಗೆ ದೂರವಲ್ಲ. ಕುರುಗೋಡು ಸಿಂದರ ರಾಜಧಾನಿಯಾಗಿತ್ತು, ಸಿಂದರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಆ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಎಣ್ಣೆಯಲ್ಲಿ ಕರಿದ ಪೂರಿಕೆ ಇದೆ, ವಟಕ ಇದೆ. ಹದಿನಾರನೇ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಕಟ್ಟಿದಾಗ ಹಿಟ್ಟಿನ ತಿನಿಸುಗಳಿಗೆ ಪಿಷ್ಟಪಾಕ ಎಂಬ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಹಿಟ್ಟಿನ ಕೆಲಸವನ್ನು ಶಾಸ್ತ್ರವೆಂದು ಕರೆಯುವ ಗೌರವ ಕನ್ನಡದಲ್ಲಿ ಅಂದೇ ಇತ್ತು.

ಅಕ್ಕಿ ನಮ್ಮ ಒಲೆಗೆ ಧಾರಾಳವಾಗಿ ಬಂದದ್ದು ತೀರ ಈಚೆಗೆ. ಬಳ್ಳಾರಿ ಮದರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯತೊಡಗಿದ್ದೂ ಅದೇ ಕಾಲದಲ್ಲಿ. ಬಲದಂಡೆಯ ಕೆಳಮಟ್ಟದ ಕಾಲುವೆ ಬಂದ ಮೇಲೆ ಜೋಳ, ಕುಸುಬೆ, ಹತ್ತಿ ಬೆಳೆಯುತ್ತಿದ್ದ ಸಿರುಗುಪ್ಪದ ಎರೆಹೊಲಗಳು ಗದ್ದೆಗಳಾದವು. ಅಲ್ಲಿಯವರೆಗೆ ಕಡುಬೆಂದರೆ ಗೋಧಿಯದು ಇಲ್ಲವೇ ಜೋಳದ್ದು. ಈಗಲೂ ಹಳೆಯ ಮನೆಗಳಲ್ಲಿ ಪಂಚಮಿಗೆ ಗೋಧಿ ಕಡುಬನ್ನೇ ಮಾಡುತ್ತಾರೆ, ಗಣಪತಿಗೆ ಅಕ್ಕಿಯದನ್ನೂ ಸೇರಿಸಿಕೊಂಡಿದ್ದಾರೆ. ಎರಡಕ್ಕೂ ಹಿಟ್ಟು ಕಲಸುವ ಬಗೆ ಬೇರೆ. ಎಡವುವುದು ಇಲ್ಲೇ, ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ.

ಗೋಧಿಯಲ್ಲಿ ಅಂಟು ಪ್ರೋಟೀನು ಇದೆ. ತಣ್ಣೀರು ಹಾಕಿ ನಾದಿದರೆ ಅದು ಎಳೆ ಎಳೆಯಾಗಿ ಹೆಣೆದುಕೊಳ್ಳುತ್ತದೆ. ಅರ್ಧ ತಾಸು ಮುಚ್ಚಿಟ್ಟರೆ ಆ ಹೆಣಿಗೆ ಸಡಿಲಗೊಂಡು ಲಟ್ಟಿಸಲು ಬರುತ್ತದೆ. ಅಕ್ಕಿ, ಜೋಳಗಳಲ್ಲಿ ಆ ಅಂಟಿಲ್ಲ. ತಣ್ಣೀರಲ್ಲಿ ಎಷ್ಟು ನಾದಿದರೂ ಬಿರಿಯುತ್ತದೆ. ಅವಕ್ಕೆ ಅಂಟು ಬರಬೇಕಾದರೆ ಪಿಷ್ಟವನ್ನೇ ಅಂಟಾಗಿಸಬೇಕು, ಅಂದರೆ ಕುದಿವ ನೀರು ಬೇಕು. ಜೋಳದ ರೊಟ್ಟಿಗೆ ಎಸರಿಟ್ಟು ಹಿಟ್ಟು ಹಾಕುವುದು, ಅಕ್ಕಿ ಹಿಟ್ಟನ್ನು ಉಕ್ಕರಿಸುವುದು ಒಂದೇ ಕಾರಣಕ್ಕೆ. ರೊಟ್ಟಿ ಬಡಿಯಲು ಬರುವ ಯಾರಿಗೇ ಆದರೂ ಅಕ್ಕಿ ಕಡುಬಿನ ಅರ್ಧ ಕೆಲಸ ಬಂದಂತೆಯೇ.

ಮೊದಲು ನಾಗರಪಂಚಮಿಯ ಕುಚ್ಚಗಡುಬು. ಶ್ರಾವಣ ಶುದ್ಧ ಪಂಚಮಿಯ ದಿನ ನಮ್ಮ ಕಡೆಯ ಬಹಳ ಮನೆಗಳಲ್ಲಿ ಹಂಚು ಇಡುವಂತಿಲ್ಲ, ಎಣ್ಣೆಯಲ್ಲಿ ಕರಿಯುವಂತಿಲ್ಲ, ಹೆಚ್ಚುವಂತಿಲ್ಲ. ಹುತ್ತಕ್ಕೆ ಹಾಲೆರೆದು ಬಂದು ಉಂಡಿ, ಅಳ್ಳು, ಕುಚ್ಚಿದ ಕಡುಬು ತಿನ್ನುವುದು ರೂಢಿ. ಹಬೆಯ ಕಡುಬು ಇಷ್ಟು ಕಾಲ ಬದುಕಿದ್ದರಲ್ಲಿ ಈ ಕಟ್ಟುಪಾಡಿನ ಪಾಲು ದೊಡ್ಡದು ಎಂದೇ ನನ್ನ ನಂಬಿಕೆ. ವರ್ಷಕ್ಕೊಂದು ದಿನವಾದರೂ ಎಣ್ಣೆಯ ಬಾಣಲಿ ಮೂಲೆಗೆ ಸರಿದು ಹಬೆಯ ಪಾತ್ರೆ ಒಲೆಗೆ ಬರುತ್ತದೆ.

ಹೂರಣಕ್ಕೆ ಒಂದು ಬಟ್ಟಲು ಕಡಲೆಬೇಳೆ, ಮುಕ್ಕಾಲು ಬಟ್ಟಲು ಪುಡಿಮಾಡಿದ ಬೆಲ್ಲ. ಬೆಂದ ಬೇಳೆ ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು, ಪಾತ್ರೆಯಲ್ಲಿ ಕರಗಿಹೋಗಬಾರದು. ಕಟ್ಟನ್ನು ಪೂರ್ತಿ ಬಸಿಯಿರಿ, ಅದು ಮಧ್ಯಾಹ್ನದ ಕಟ್ಟಿನ ಸಾರಿಗೆ. ಬೇಳೆಗೆ ಬೆಲ್ಲ ಸೇರಿಸಿ ಮತ್ತೆ ಒಲೆಗಿಟ್ಟರೆ ಮೊದಲು ನೀರಾಗುತ್ತದೆ, ಆಮೇಲೆ ಬಿಗಿಯುತ್ತದೆ. ನಡುವೆ ನೆಟ್ಟ ಸೌಟು ಬೀಳದೆ ನಿಲ್ಲುವ ಹೊತ್ತಿಗೆ ಇಳಿಸಿ, ಬಿಸಿಯಿರುವಾಗಲೇ ಒರಳಲ್ಲಿ ರುಬ್ಬಿ. ಆರಿದರೆ ಕಲ್ಲಿಗೆ ಅಂಟಿ ಕೈ ನೋಯಿಸುತ್ತದೆ. ಏಲಕ್ಕಿಯ ಜೊತೆಗೆ ಚೂರು ಒಣಶುಂಠಿ ಹಾಕಿದರೆ ಬೇಳೆ ಹೊಟ್ಟೆಗೆ ಭಾರವಾಗುವುದಿಲ್ಲ ಎನ್ನುತ್ತಾರೆ ಹಿರಿಯರು. ನನಗಂತೂ ರುಚಿಗೇ ಶುಂಠಿ ಬೇಕು.

ಎರಡು ಬಟ್ಟಲು ಗೋಧಿ ಹಿಟ್ಟಿಗೆ ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ. ಪೂರಿ ಹಿಟ್ಟಿಗಿಂತ ತುಸು ಮೆದು, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಕಲಸಿ ಮುಚ್ಚಿಡಿ. ಅಂಗೈಯಗಲ ಲಟ್ಟಿಸಿ, ನಡುವೆ ಹೂರಣವಿಟ್ಟು ಅರ್ಧಚಂದ್ರ ಮಡಚಿ, ಅಂಚಿಗೆ ಬೆರಳಲ್ಲಿ ನೀರು ಸವರಿ ಒತ್ತಿ. ಒಣಹಿಟ್ಟು ಹಚ್ಚಿ ಲಟ್ಟಿಸಿದ್ದರೆ ಅಂಚಿನ ಒಣಹಿಟ್ಟನ್ನು ಒರೆಸಿಯೇ ಒತ್ತಬೇಕು, ಇಲ್ಲದಿದ್ದರೆ ಕುದಿಯಲ್ಲಿ ಬಾಯಿ ಬಿಡುತ್ತದೆ. ಇದನ್ನು ಕುದಿಯುವ ನೀರಿಗೇ ಬಿಟ್ಟು ತೇಲಿ ಬಂದ ಮೇಲೆ ನಾಲ್ಕೈದು ನಿಮಿಷ ಬೇಯಿಸಿ ತೆಗೆಯುವವರೂ ಇದ್ದಾರೆ, ಹಬೆಯಲ್ಲಿ ಹತ್ತು ಹನ್ನೆರಡು ನಿಮಿಷ ಇಡುವವರೂ ಇದ್ದಾರೆ. ನನ್ನ ಒಲವು ಹಬೆಗೆ. ನೀರಲ್ಲಿ ಒಂದು ಬಾಯಿ ಬಿಟ್ಟರೂ ಬೆಲ್ಲ ಕರಗಿ ಪಾತ್ರೆಯೆಲ್ಲ ಪಾಯಸ; ಹಬೆಯಲ್ಲಿ ಬಿರಿದದ್ದಷ್ಟೇ ಕೆಡುತ್ತದೆ. ಬೆಂದ ಕೂಡಲೇ ತುಪ್ಪ, ಬಿಸಿ ಹಾಲು. ಕುಚ್ಚಗಡುಬಿಗೆ ಬೇರೆ ನೆಂಚಿಕೆ ಬೇಕಿಲ್ಲ.

ಹಬೆ 100 ಡಿಗ್ರಿ ಮೀರುವುದಿಲ್ಲ, ಆದರೂ ಇಷ್ಟು ಬೇಗ ಬೇಯಿಸುತ್ತದೆ. ಒಂದು ಗ್ರಾಂ ಕುದಿವ ನೀರು ಸೊನ್ನೆ ಡಿಗ್ರಿಯವರೆಗೆ ತಣಿದರೂ ಕೊಡುವುದು 100 ಕ್ಯಾಲೊರಿ ಶಾಖ. ಒಂದು ಗ್ರಾಂ ಹಬೆ ಕಡುಬಿನ ಮೈಗೆ ತಾಗಿ ನೀರಾಗುವಷ್ಟರಲ್ಲೇ ಸುಮಾರು 540 ಕ್ಯಾಲೊರಿ ಬಿಟ್ಟುಕೊಡುತ್ತದೆ. ಕೈ ಸುಟ್ಟಾಗ ಹಬೆಯ ಗಾಯ ಆಳವಾಗಿರುವುದೂ ಇದರಿಂದಲೇ. ಮುಚ್ಚಳವನ್ನು ನಿಮ್ಮ ಮುಖದ ಆಚೆಗೆ ಓರೆಮಾಡಿ ತೆಗೆಯಿರಿ, ಮಕ್ಕಳನ್ನು ಒಲೆಯಿಂದ ದೂರ ನಿಲ್ಲಿಸಿ. ಹಬೆ ಪಾತ್ರೆಯಿಲ್ಲದ ಕಾಲದಲ್ಲಿ ನಮ್ಮವರು ಗುಂಡಿ ಪಾತ್ರೆಯ ತಳಕ್ಕೆ ನೀರು ಹಾಕಿ, ಅದರ ಮೇಲೆ ಭತ್ತದ ಹುಲ್ಲನ್ನೋ ಜೋಳದ ದಂಟನ್ನೋ ಒತ್ತಾಗಿ ಹಾಸಿ, ಒದ್ದೆ ಬಟ್ಟೆ ಹೊದಿಸಿ ಕಡುಬು ಜೋಡಿಸುತ್ತಿದ್ದರು. ಕುದಿಯುವ ನೀರು ಕಡುಬಿಗೆ ತಾಗದು, ಹುಲ್ಲಿನ ಸಂದಿಯಿಂದ ಹಬೆ ಎಲ್ಲ ಕಡೆಯೂ ಸಮನಾಗಿ ಏರುತ್ತದೆ, ಹೊಸ ಹುಲ್ಲಿನ ಘಮ ಬೇರೆ. ಔಷಧಿ ಹೊಡೆಯದ ಗದ್ದೆಯ ಹುಲ್ಲು ಸಿಕ್ಕರೆ ತೊಳೆದು ಇಂದಿಗೂ ಹೀಗೆ ಮಾಡಬಹುದು. ಇಲ್ಲದಿದ್ದರೆ ಇಡ್ಲಿ ಪಾತ್ರೆಯೇ ಸಾಕು.

ಇನ್ನು ಅಕ್ಕಿ ಕಡುಬು. ಸಿರುಗುಪ್ಪದ ಗದ್ದೆಗಳಲ್ಲಿ ಹೆಚ್ಚು ಕಾಣುವುದು ಸೋನಾ ಮಸೂರಿ ಮತ್ತು ಬಿಪಿಟಿ-5204. ಆಂಧ್ರದ ಬಾಪಟ್ಲದಲ್ಲಿ ಬೆಳೆಸಿ 1986ರಲ್ಲಿ ಬಿಡುಗಡೆಯಾದ ಬಿಪಿಟಿ ಅನ್ನಕ್ಕೆ ಹೇಳಿ ಮಾಡಿಸಿದ ತಳಿ, ಅಗುಳು ಅಗುಳಾಗಿ ಉದುರುತ್ತದೆ. ಉದುರಾಗಿಸುವ ಪಿಷ್ಟಕ್ಕೆ ಅಮೈಲೋಸ್ ಎಂದು ಹೆಸರು. ಅದು ಹೆಚ್ಚಿದ್ದ ಅಕ್ಕಿಯ ಕಡುಬು ಆರಿದ ಮೇಲೆ ಬೇಗ ಬಿಗಿಯುತ್ತದೆ. ಊರಿನ ಅಕ್ಕಿ ಬಿಟ್ಟು ಬೇರೆಯದನ್ನು ಹುಡುಕಿಕೊಂಡು ಹೋಗಿ ಎಂದು ನಾನು ಹೇಳುವುದಿಲ್ಲ. ಹಿಟ್ಟಿಗೆ ನೀರನ್ನು ತುಸು ಜಾಸ್ತಿ ಕೊಡಿ, ಒಂದು ಚಮಚ ತುಪ್ಪ ಸೇರಿಸಿ, ಬೆಂದದ್ದನ್ನು ಬಿಸಿಯಾಗಿಯೇ ಬಡಿಸಿ.

ಅಕ್ಕಿಯನ್ನು ತೊಳೆದು, ನೆನೆಸಿ, ನೆರಳಲ್ಲಿ ಬಟ್ಟೆಯ ಮೇಲೆ ಆರಿಸಿ ಬೀಸಿದ ಹಿಟ್ಟು ಅಂಗಡಿಯ ಒಣಹಿಟ್ಟಿಗಿಂತ ನುಣುಪು. ಒಂದು ಬಟ್ಟಲು ಹಿಟ್ಟಿಗೆ ಒಂದೂಕಾಲು ಬಟ್ಟಲು ನೀರು. ಹಿಟ್ಟು ಹಳೆಯ ಅಕ್ಕಿಯದಾದರೆ ಒಂದೂವರೆಯವರೆಗೂ ಕುಡಿಯುತ್ತದೆ. ಉಪ್ಪು, ತುಪ್ಪ ಹಾಕಿದ ನೀರು ಕುದಿ ಬಂದಾಗ ಉರಿ ಇಳಿಸಿ ಹಿಟ್ಟನ್ನು ಒಮ್ಮೆಗೇ ಸುರಿಯಿರಿ, ನಡುವೆ ಕೋಲಿಂದ ತೂತು ಮಾಡಿ ಎರಡು ನಿಮಿಷ ಮುಚ್ಚಿ, ಆಮೇಲೆ ಗಂಟಿಲ್ಲದಂತೆ ತಿರುವಿ ಇಳಿಸಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು. ಕಿವಿಯ ಹಾಲೆಯಷ್ಟು ಮೆತ್ತಗಾದರೆ ಹದ ಬಂತು. ಉಂಡೆ ಒತ್ತಿದಾಗ ಅಂಚು ಬಿರಿದರೆ ನೀರು ಸಾಲದು; ಬಿಸಿನೀರಲ್ಲಿ ಕೈ ಅದ್ದಿ ಮತ್ತೆ ನಾದಿ, ತಣ್ಣೀರು ಮುಟ್ಟಿಸಬೇಡಿ. ಒಳಗೆ ಹೂರಣವಾದರೂ ಸರಿ, ಕಾಯಿ ಬೆಲ್ಲವಾದರೂ ಸರಿ. ಹಬೆಯಲ್ಲಿ ಎಂಟು ಹತ್ತು ನಿಮಿಷ ಸಾಕು, ಮೇಲ್ಮೈ ಮಿರುಗತೊಡಗಿದರೆ ಬೆಂದಿದೆ. ಜಾಸ್ತಿ ಹೊತ್ತು ಬಿಟ್ಟರೆ ಒಡೆಯುತ್ತದೆ. ಮುಚ್ಚಳಕ್ಕೆ ಒಂದು ಒಣಬಟ್ಟೆ ಕಟ್ಟಿದರೆ ಹನಿ ಕೆಳಗೆ ಬೀಳುವುದಿಲ್ಲ, ಇಳಿಸಿ ಎರಡು ನಿಮಿಷ ಬಿಟ್ಟು ತೆಗೆದರೆ ತಟ್ಟೆಗೆ ಅಂಟುವುದಿಲ್ಲ.

ಕರಾವಳಿಯವರು, ಕಾಸರಗೋಡಿನ ಕನ್ನಡ ಮನೆಗಳವರು ಇದೇ ಅಕ್ಕಿಯನ್ನು ಅರಸಿನದ ಎಲೆಯಲ್ಲಿ, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸುತ್ತಾರೆ. ಎಲೆ ಹಿಟ್ಟನ್ನು ಹಿಡಿದಿಡುತ್ತದೆ, ಹಾಗಾಗಿ ಅವರ ಹಿಟ್ಟು ತೆಳ್ಳಗಿದ್ದರೂ ನಡೆಯುತ್ತದೆ. ನಮ್ಮ ಬಯಲುಸೀಮೆಯ ಕಡುಬಿಗೆ ಎಲೆಯ ಆಸರೆಯಿಲ್ಲ. ಇಲ್ಲಿ ಹಿಟ್ಟೇ ತನ್ನನ್ನು ಹಿಡಿದುಕೊಳ್ಳಬೇಕು. ಕಲಸುವ ಹದದ ಬಗ್ಗೆ ನಮ್ಮ ಹೆಂಗಸರು ಅಷ್ಟು ಕಟ್ಟುನಿಟ್ಟಾಗಿರುವುದು ಇದಕ್ಕೇ.

ಗಿಣ್ಣಿನ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಎಮ್ಮೆಯೋ ಆಕಳೋ ಈದ ಮನೆಯಿಂದ ಗಿಣ್ಣದ ಹಾಲು ಓಣಿಯ ನಾಲ್ಕು ಮನೆಗೆ ಹೋಗುತ್ತದೆ, ಮಾರುವ ರೂಢಿ ಹಳ್ಳಿಗಳಲ್ಲಿ ಇರಲಿಲ್ಲ. ಮೊಟ್ಟೆಯಿಲ್ಲ, ಹಿಟ್ಟಿಲ್ಲ, ಹೆಪ್ಪಿಲ್ಲ, ಆದರೂ ಹಬೆಯಲ್ಲಿ ಚಾಕುವಿನಿಂದ ಕೊಯ್ಯುವ ಹಾಗೆ ಗಟ್ಟಿಯಾಗುತ್ತದೆ. ಈದ ಮೊದಲ ಕರೆತದ ಹಾಲಿನಲ್ಲಿ ಕರುವನ್ನು ರೋಗದಿಂದ ಕಾಯುವ ಪ್ರೋಟೀನುಗಳು ತುಂಬಿರುತ್ತವೆ. ಆಕಳ ಮಾಮೂಲು ಹಾಲಿನಲ್ಲಿ ಪ್ರೋಟೀನು ಶೇ 3ರ ಆಸುಪಾಸು ಇದ್ದರೆ ಮೊದಲ ಕರೆತದಲ್ಲಿ ಅದು ಶೇ 14ರಷ್ಟಿರಬಹುದು. ಕಾಯಿಸಿದಾಗ, 70 ಡಿಗ್ರಿ ದಾಟಿದ ಮೇಲೆ, ಆ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ನೀರನ್ನೂ ಕೊಬ್ಬನ್ನೂ ಒಳಗೆ ಹಿಡಿದಿಡುತ್ತವೆ. ದಿನ ಕಳೆದಂತೆ ಅವು ಕಡಿಮೆಯಾಗುತ್ತವೆ, ಮೂರನೆಯ ದಿನದ ಹಾಲು ಗಟ್ಟಿ ಹಿಡಿಯುವುದೇ ಕಷ್ಟ.

ಕರು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದದ್ದೇ ಗಿಣ್ಣಿಗೆ. ಹುಟ್ಟಿದ ಮೊದಲ ಕೆಲವು ತಾಸುಗಳಲ್ಲಿ ಕರುವಿನ ಕರುಳು ಆ ಪ್ರೋಟೀನುಗಳನ್ನು ಇದ್ದಂತೆಯೇ ಹೀರಿಕೊಳ್ಳುತ್ತದೆ, ಒಂದು ದಿನದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಕರುವಿಗೆ ಕೊಡದೆ ಗಿಣ್ಣು ಮಾಡುವುದು ತಪ್ಪು. ದನ ಸಾಕುವವರು ಇದರಲ್ಲಿ ರಾಜಿಯಾಗುವುದಿಲ್ಲ, ಹಾಲು ಕೇಳಿಕೊಂಡು ಬಂದವರೂ ಒತ್ತಾಯಿಸಬಾರದು.

ಮೊದಲ ದಿನದ ಒಂದು ಬಟ್ಟಲು ಗಿಣ್ಣದ ಹಾಲಿಗೆ ಎರಡು ಬಟ್ಟಲು ಮಾಮೂಲು ಹಾಲು, ಎರಡನೆಯ ದಿನದ್ದಾದರೆ ಸಮಸಮ, ಆಮೇಲಿನದಾದರೆ ಬೆರಕೆ ಬೇಡ. ಮೂರು ಬಟ್ಟಲು ಹಾಲಿಗೆ ಮುಕ್ಕಾಲು ಬಟ್ಟಲು ಬೆಲ್ಲ. ಬೆಲ್ಲವನ್ನು ತಣ್ಣನೆಯ ಹಾಲಿನಲ್ಲೇ ಕದಡಿ, ಸೋಸಿ, ಏಲಕ್ಕಿ ಹಾಕಿ. ಅಂದಾಜು ಸಿಗದಿದ್ದರೆ ಎರಡು ಚಮಚದಷ್ಟನ್ನು ಪುಟ್ಟ ಬಟ್ಟಲಲ್ಲಿ ಹಬೆಗಿಟ್ಟು ನೋಡಿ. ಕಲ್ಲಾದರೆ ಹಾಲು ಸೇರಿಸಿ, ನೀರಾಗಿ ನಿಂತರೆ ಗಿಣ್ಣದ ಹಾಲು ಹೆಚ್ಚಿಸಿ. ಅಗಲ ಪಾತ್ರೆಗೆ ಸುರಿದು ಮೇಲೊಂದು ತಟ್ಟೆ ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಕುಕ್ಕರಾದರೆ ಸೀಟಿ ಹಾಕಬೇಡಿ. ಉರಿ ಜೋರಾದರೆ ಪ್ರೋಟೀನಿನ ಹೆಣಿಗೆ ಬಿಗಿದು ನೀರು ಹಿಂಡುತ್ತದೆ, ಗಿಣ್ಣು ತೂತು ತೂತಾಗಿ ಸುತ್ತಲೂ ನೀರೊಡೆಯುತ್ತದೆ. ಪೂರ್ತಿ ಆರಿದ ಮೇಲೆಯೇ ಕೊಯ್ಯಿರಿ. ಕಡುಬಿಗೆ ವಿರುದ್ಧವಾಗಿ ಇದಕ್ಕೆ ತಂಪು ಒಳ್ಳೆಯದು, ಯಾಕೆಂದರೆ ಇದರಲ್ಲಿ ಪಿಷ್ಟವಿಲ್ಲ.

ದೂರದ ಐಸ್‌ಲ್ಯಾಂಡಿನ ರೈತರೂ ಈದ ಆಕಳ ಹಾಲನ್ನು ಬಟ್ಟಲಲ್ಲಿಟ್ಟು ಬಿಸಿನೀರಿನ ಪಾತ್ರೆಯಲ್ಲಿ ಗಟ್ಟಿಮಾಡಿ, ದಾಲ್ಚಿನ್ನಿ ಸಕ್ಕರೆ ಉದುರಿಸಿ ತಿನ್ನುತ್ತಾರೆ. ಅವರು ಅದಕ್ಕೆ ಆಬ್ರಿಸ್ತಿರ್ ಎನ್ನುತ್ತಾರೆ. ಹಿಮದ ನಾಡಿನವರೂ ಎರೆಹೊಲದವರೂ ಒಂದೇ ಹಾಲನ್ನು ಒಂದೇ ಬಗೆಯಲ್ಲಿ ಬೇಯಿಸುತ್ತಿದ್ದಾರೆ ಎಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು.

ಕರಿಯುವುದಕ್ಕೆ ಬರೋಣ. ಕರಿಗಡುಬಿಗೆ ಹೇಳಬೇಕಾದ್ದು ಹೆಚ್ಚಿಲ್ಲ: ಕುಚ್ಚಗಡುಬಿನದೇ ಹೂರಣ, ಕಣಕಕ್ಕೆ ಸ್ವಲ್ಪ ಚಿರೋಟಿ ರವೆ, ಒಂದು ಚಮಚ ಕಾದ ಎಣ್ಣೆ, ಹಿಟ್ಟು ಗಟ್ಟಿ. ಮಡಚುವಾಗ ಒಳಗೆ ಗಾಳಿ ಉಳಿಯದಂತೆ ಹೂರಣದ ಸುತ್ತ ಒತ್ತಬೇಕು. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೂರಣ ಒದ್ದೆಯಿದ್ದು ಅಂಚು ಸಡಿಲವಿದ್ದರೆ ಎಣ್ಣೆಯಲ್ಲಿ ಸಿಡಿಯುತ್ತದೆ. ಪೂರಿ ಉಬ್ಬುವುದಕ್ಕೂ ಆವಿಯೇ ಕಾರಣ, ಅಲ್ಲಿ ಅದು ನಮಗೆ ಬೇಕಾದ ಕೆಲಸ ಮಾಡುತ್ತದೆ.

ಜೋಳದ ವಡೆಗೆ ಎರಡು ಬಟ್ಟಲು ಜೋಳದ ಹಿಟ್ಟು, ಅರ್ಧ ಬಟ್ಟಲು ಗೋಧಿ ಹಿಟ್ಟು, ಕಾಲು ಬಟ್ಟಲು ಕಡಲೆ ಹಿಟ್ಟು. ಖಾರದಪುಡಿ, ಜೀರಿಗೆ, ಅಜವಾನ, ಬಿಳಿ ಎಳ್ಳು, ಅರಿಸಿನ, ಉಪ್ಪು ಹಾಕಿ ಎರಡು ಚಮಚ ಕಾದ ಎಣ್ಣೆ ಸುರಿದು, ಕುದಿವ ನೀರಲ್ಲಿ ಕಲಸಿ. ಒದ್ದೆ ಬಟ್ಟೆಯ ಮೇಲೆ ರೊಟ್ಟಿಗಿಂತ ದಪ್ಪಗೆ ಅಂಗೈಯಗಲ ತಟ್ಟಿ ಬಿಡಿ. ತೀರ ತೆಳ್ಳಗೆ ತಟ್ಟಿದರೆ ಹಪ್ಪಳವಾಗುತ್ತದೆ, ಉಬ್ಬುವುದಿಲ್ಲ. ಮೊಳಕೆ ಹೆಸರಿನ ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು ಇದಕ್ಕೆ ಜೊತೆ. ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಬುತ್ತಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಾಣೆ.

ಗಾರಿಗೆಗೆ ಬೆಲ್ಲವೇ ನೀರು. ಮುಕ್ಕಾಲು ಬಟ್ಟಲು ಬೆಲ್ಲವನ್ನು ಅರ್ಧ ಬಟ್ಟಲು ನೀರಲ್ಲಿ ಕರಗಿಸಿ ಸೋಸಿ, ಅದರಲ್ಲೇ ಎರಡು ಬಟ್ಟಲು ಗೋಧಿ ಹಿಟ್ಟು, ಎರಡು ಚಮಚ ಚಿರೋಟಿ ರವೆ, ಎಳ್ಳು, ಏಲಕ್ಕಿ, ತುಪ್ಪ ಕಲಸಬೇಕು. ನೀರಿನ ಬದಲು ಬೇಯಿಸಿ ಹಿಸುಕಿದ ಸಿಹಿಗುಂಬಳ ಹಾಕಿದರೆ ಕುಂಬಳಕಾಯಿ ಗಾರಿಗೆ. ಬೆಲ್ಲ ಬೇಗ ಕಪ್ಪಾಗುತ್ತದೆ, ಆದ್ದರಿಂದ ಉರಿ ಸಣ್ಣದಿರಲಿ. ಚಿಟಿಕೆ ಹಿಟ್ಟು ಹಾಕಿ ಎಣ್ಣೆ ಪರೀಕ್ಷಿಸಿ: ತಳಕ್ಕೆ ಹೋಗಿ ನಿಧಾನವಾಗಿ ಮೇಲೆ ಬಂದರೆ ಗಾರಿಗೆ, ಕಜ್ಜಾಯಕ್ಕೆ ಸರಿ, ಹಾಕಿದ ಕೂಡಲೇ ಎದ್ದರೆ ಪೂರಿ, ವಡೆಗೆ ಸರಿ, ಏಳುವಷ್ಟರಲ್ಲೇ ಕೆಂಪಾದರೆ ಯಾವುದಕ್ಕೂ ಸಲ್ಲದು.

ಕಜ್ಜಾಯ ಕಷ್ಟದ್ದು, ಅದನ್ನು ಮೊದಲ ವರ್ಷವೇ ಹಿಡಿಯಬೇಡಿ. ರಾತ್ರಿ ನೆನೆಸಿದ ಅಕ್ಕಿಯನ್ನು ಬಸಿದು, ಪೂರ್ತಿ ಒಣಗುವ ಮುಂಚೆ ಹಸಿಹಸಿಯಾಗಿಯೇ ಕುಟ್ಟಿ ಜರಡಿ ಹಿಡಿಯಬೇಕು. ಬೆಲ್ಲದ ಪಾಕವನ್ನು ತಣ್ಣೀರಿಗೆ ಬಿಟ್ಟರೆ ಮೆತ್ತನೆಯ ಉಂಡೆಯಾಗಬೇಕು. ಎಳೆಯದಾದರೆ ಎಣ್ಣೆಯಲ್ಲಿ ಚೆದುರುತ್ತದೆ, ಬಲಿತರೆ ಹಲ್ಲಿಗೆ ಕಲ್ಲು. ಕಲಸಿದ ಹಿಟ್ಟು ಒಂದು ರಾತ್ರಿಯಾದರೂ ಕೂರಬೇಕು. ಕರಿದು ತೆಗೆದ ಮೇಲೆ ಎರಡು ಜಾಲರಿ ಸೌಟಿನ ನಡುವೆ ಒತ್ತಿ ಎಣ್ಣೆ ಹಿಂಡುವುದನ್ನು ಮರೆಯಬಾರದು. ಒಂದು ಸಲ ಪಕ್ಕದಲ್ಲಿ ನಿಂತು ನೋಡದೆ ಈ ಪಾಕದ ಹದ ಓದಿನಿಂದ ಬರುವುದು ಕಷ್ಟ.

ಮೊಹರಂ ಬಂದರೆ ಚೊಂಗೆ. ಗೋಧಿ ಹಿಟ್ಟಿನ ದುಂಡು ರೊಟ್ಟಿಗೆ ಚಿತ್ತಾರದ ಅಚ್ಚೊತ್ತಿ, ಬೇಯಿಸಿ, ಮೇಲೆ ಬೆಲ್ಲ, ಕೊಬ್ಬರಿ, ಪುಟಾಣಿ ಹರಡುತ್ತಾರೆ. ಹಂಚಿನ ಮೇಲೆ ಸುಡುವ ಮನೆಗಳೂ ಇವೆ, ಎಣ್ಣೆಗೆ ಬಿಡುವ ಮನೆಗಳೂ ಇವೆ. ಒತ್ತಿದ ಚಿತ್ತಾರ ಅಂದಕ್ಕಷ್ಟೇ ಅಲ್ಲ: ತಗ್ಗುಗಳಿಂದಾಗಿ ರೊಟ್ಟಿ ಉಬ್ಬದೆ ಸಪಾಟಾಗಿ ಬೇಯುತ್ತದೆ, ಕರಗಿದ ಬೆಲ್ಲ ಆ ತಗ್ಗುಗಳಲ್ಲೇ ನಿಲ್ಲುತ್ತದೆ. ನಮ್ಮ ಹಳ್ಳಿಗಳಲ್ಲಿ ಪೀರಲ ದೇವರಿಗೆ ಹರಕೆ ಹೊರುವವರಲ್ಲಿ ಹಿಂದೂಗಳೂ ಇದ್ದಾರೆ, ಚೊಂಗೆ ಅವರ ಒಲೆಯಲ್ಲೂ ಬೇಯುತ್ತದೆ. ಊರಿನ ಒಂದು ಅಡುಗೆ ಎಷ್ಟು ಮನೆಗೆ ಸೇರಿದ್ದು ಎಂದು ಕೇಳುವವರು ಆ ದಿನ ಓಣಿಯಲ್ಲಿ ಒಂದು ಸುತ್ತು ಹಾಕಿ ಬರಲಿ.

ಕರಿಯುವುದಕ್ಕೆ ನಾನು ಶೇಂಗಾ ಎಣ್ಣೆಯನ್ನೇ ಒಪ್ಪುತ್ತೇನೆ. ಎರೆಸೀಮೆಯ ಹಳೆಯ ಎಣ್ಣೆ ಕುಸುಬೆಯದು, ಒಗ್ಗರಣೆಗೆ, ಚಟ್ನಿಗೆ ಅದರ ರುಚಿಯೇ ಬೇರೆ; ಆದರೆ ಮತ್ತೆ ಮತ್ತೆ ಕಾಯಿಸಿದರೆ ಅದು ಬೇಗ ಕೆಟ್ಟು ಜಿಗುಟಾಗುತ್ತದೆ. ಯಾವ ಎಣ್ಣೆಯೇ ಆಗಲಿ ಪದೇ ಪದೇ ಕಾದರೆ ಹಾನಿಕರ ವಸ್ತುಗಳು ಕೂಡುತ್ತ ಹೋಗುತ್ತವೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಕರಿಯುವ ಎಣ್ಣೆಯಲ್ಲಿ ಅಂಥ ಧ್ರುವೀಯ ಸಂಯುಕ್ತಗಳ ಮಿತಿಯನ್ನು ಶೇ 25ಕ್ಕೆ ನಿಗದಿ ಮಾಡಿದೆ. ಮನೆಯಲ್ಲಿ ಅಳೆಯುವ ಯಂತ್ರ ಬೇಡ. ಬಾಣಲಿಗೆ ಬೇಕಾದಷ್ಟೇ ಎಣ್ಣೆ ಹಾಕಿ, ಉಳಿದದ್ದನ್ನು ಸೋಸಿ ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಕಪ್ಪಾಗಿ, ನೊರೆಯೆದ್ದು, ಹೊಗೆ ಬೇಗ ಬಂದರೆ ಚೆಲ್ಲಿಬಿಡಿ.

ಊರು ಬಿಟ್ಟು ಬೆಂಗಳೂರು, ಹೈದರಾಬಾದಿನ ಬಾಡಿಗೆ ಕೋಣೆಯಲ್ಲಿರುವ ನಮ್ಮ ಮಕ್ಕಳಿಗೂ ಇದರಲ್ಲಿ ಸುಲಭದ್ದು ಹಬೆಯದೇ. ಬಾಣಲಿ ತುಂಬ ಎಣ್ಣೆ ಬೇಡ, ಇಡ್ಲಿ ಪಾತ್ರೆಯೊಂದಿದ್ದರೆ ಹತ್ತು ಕಡುಬು ಒಂದೇ ಸಲ ಬೇಯುತ್ತವೆ. ಹೂರಣವನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಡಬಹುದು, ಬೆಲ್ಲ ಅದನ್ನು ಕಾಯುತ್ತದೆ. ಹೊದಿಕೆಯ ಹಿಟ್ಟನ್ನು ಮಾತ್ರ ಬೆಳಿಗ್ಗೆಯೇ ಕಲಸಬೇಕು. ಊರಲ್ಲಿರುವವರು ಶ್ರಾವಣಕ್ಕೆ ವಾರ ಮೊದಲೇ ಅಕ್ಕಿ ನೆನೆಸಿ, ಆರಿಸಿ ಗಿರಣಿಗೆ ಒಯ್ಯಿರಿ. ಬೇರೆಯವರ ಅಕ್ಕಿ ಬೀಸಿ ಮುಗಿದ ಕೂಡಲೇ ನಿಮ್ಮದನ್ನು ಹಾಕಿಸಿ. ಜೋಳದ ಬೆನ್ನಿಗೆ ಹಾಕಿಸಿದರೆ ಮೊದಲ ಎರಡು ಹಿಡಿಯಲ್ಲಿ ಜೋಳ ಬೆರೆತಿರುತ್ತದೆ. ಅಷ್ಟನ್ನು ಬೇರೆ ತೆಗೆದಿಟ್ಟು ರೊಟ್ಟಿಗೆ ಬಳಸಿ, ಉಳಿದದ್ದನ್ನು ಕಡುಬಿಗೆ ಇಟ್ಟುಕೊಳ್ಳಿ.